ಏಳು ಮೈಲಿ ದೂರದ ಗಾಳಿ

ಕೆಲವರು ಕಾಶಿಗೆ ಹೋಗಿ ಬಂದರೂ ಹೇಳಿಕೊಳ್ಳುವಂಥದ್ದು ಏನೂ ನಡೆದಿರುವುದಿಲ್ಲ. ನಮ್ಮ ಮನೆಯವರು ಹೊಸಲು ದಾಟಿ ಬೀದಿಯ ಕೊನೆಯವರೆಗೆ ಹೋದರೂ ಸಾಕು, ನಾಲ್ಕು ಜನ ನಿಂತು ಕೇಳುವಂಥದ್ದು ಒಂದಾದರೂ ಆಗಿಯೇ ಆಗುತ್ತದೆ. ಇದಕ್ಕೆಲ್ಲ ಕಾರಣ ನಮ್ಮ ಅತ್ತೆ ಎಂದು ಮಾವ ಹೇಳುತ್ತಿದ್ದರು. ಮಾವ ಎಂದು ಅತ್ತೆ ಹೇಳುತ್ತಿದ್ದರು. ಮಧ್ಯದಲ್ಲಿದ್ದ ಸೊಸೆ ನಾನು; ಬಾಯಿ ಬಿಡುತ್ತಿರಲಿಲ್ಲ. ಈಗ ಇಬ್ಬರೂ ಇಲ್ಲವಾದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಇಬ್ಬರೂ ಸೇರಿ.

ಮೈಸೂರು ಮಹಾರಾಜರ ಕಾಲ ಅದು. ರಾಮನಗರವನ್ನು ಆಗ ಕ್ಲೋಸ್‌ಪೇಟೆ ಅನ್ನುತ್ತಿದ್ದರು. ನಾವಿದ್ದದ್ದು ಚನ್ನಪಟ್ಟಣದಲ್ಲಿ. ಮಾವ ಅಲ್ಲಿನ ಒಂದು ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾದವರು. ಅಚ್ಚು ಹಾಕಿದ ಹಾಗೆ ಮಾತಾಡುವವರು. ಅತ್ತೆ ಮಾಗಡಿಯ ಒಕ್ಕಲುಮನೆಯ ಮಗಳು. ಅಕ್ಷರ ಬಾರದು, ಆದರೆ ಮಾವನಂಥ ಮಾವನೂ ಅವರ ಮುಂದೆ ವಾದದಲ್ಲಿ ಗೆದ್ದದ್ದನ್ನು ನಾನು ಕಂಡಿಲ್ಲ. ನನ್ನ ಗಂಡ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಗುಮಾಸ್ತೆ. ಊರವರನ್ನೆಲ್ಲ ಊರೂರಿಗೆ ಕಳಿಸುತ್ತಿದ್ದರು, ತಮಗೆ ಮಾತ್ರ ಎಲ್ಲಿಗೂ ಹೋಗಲು ರಜಾ ಸಿಗುತ್ತಿರಲಿಲ್ಲ. ಹಾಗಾಗಿ ಈ ಪ್ರವಾಸಕ್ಕೆ ಹೊರಟವರು ಮೂವರೇ: ಮಾವ, ಅತ್ತೆ, ನಾನು.

ಡಾಕ್ಟರ ಚೀಟಿ

ನಿವೃತ್ತಿಯಾದ ವರ್ಷವೇ ಮಾವನಿಗೆ ಎದೆಜ್ವರ ಬಂತು. ಜ್ವರ ಹೇಗೋ ಬಿಟ್ಟಿತು, ಆದರೆ ಜ್ವರದ ಜೊತೆಗೆ ಅವರ ಹಸಿವೂ ಹೋಯಿತು. ಬೆಳಿಗ್ಗೆ ಎದ್ದು ಗೋಡೆಗೆ ಮುಖಮಾಡಿ ಕೂತರೆ ಸಾಯಂಕಾಲದವರೆಗೂ ಗೋಡೆಯೇ. ಮೂವತ್ತೈದು ವರ್ಷ ಗಂಟೆಗೊಮ್ಮೆ ಬೆಲ್ ಕೇಳಿ ಬದುಕಿದವರಿಗೆ ಬೆಲ್ಲೇ ಇಲ್ಲದ ಹಗಲು ತಡೆಯಲಾಗಲಿಲ್ಲ ಅಂತ ಕಾಣುತ್ತದೆ. ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಿದ್ದರು. ಮೈಮೇಲಿನ ಕೋಟು ದಿನದಿನಕ್ಕೆ ದೊಡ್ಡದಾಗುತ್ತ ಬಂತು. ಅತ್ತೆ ಹೊರಗೆ ಏನೂ ತೋರಿಸುತ್ತಿರಲಿಲ್ಲ. ಆದರೆ ಒಂದು ದಿನ ಅಡಿಗೆಮನೆಯಲ್ಲಿ ಅವರು ಮಾವನ ತಟ್ಟೆಯಲ್ಲಿ ಉಳಿದ ಅನ್ನವನ್ನು ನೋಡುತ್ತ ಸುಮ್ಮನೆ ನಿಂತಿದ್ದನ್ನು ನಾನು ಕಂಡೆ.

ಆಸ್ಪತ್ರೆಯ ಡಾಕ್ಟರು ಮನೆಗೆ ಬಂದು ನೋಡಿ ಹೇಳಿದರು: "ಇವರಿಗೆ ಔಷಧ ಸಾಕು. ಹವಾ ಬದಲಾವಣೆ ಆಗಬೇಕು. ಇಲ್ಲದಿದ್ದರೆ ಇನ್ನೊಂದು ಚಳಿಗಾಲ ಕಷ್ಟ. ಊಟಿಗೋ ನಂದಿಬೆಟ್ಟಕ್ಕೋ ಕರೆದುಕೊಂಡು ಹೋಗಿ."

ಅತ್ತೆ ಬಾಗಿಲ ಹಿಂದಿನಿಂದ ಕೇಳಿದರು: "ನಂದೀಲಿ ಏನೈತೆ ಸ್ವಾಮಿ?"

"ಒಳ್ಳೆಯ ಗಾಳಿ ಇದೆಯಮ್ಮ. ಬೆಟ್ಟ ಇದೆ."

"ಬಂಡೆ?"

"ಬಂಡೆಯೂ ಇದೆ."

"ಕ್ಲೋಸ್‌ಪೇಟೇಲೂ ಬಂಡೆ ಐತಲ್ಲ. ಇನ್ನೂ ದೊಡ್ಡವು."

ಡಾಕ್ಟರು ನಕ್ಕರು. "ಕ್ಲೋಸ್‌ಪೇಟೆ ಇಲ್ಲಿಂದ ಏಳೇ ಮೈಲಿ ತಾಯಿ. ಅಲ್ಲಿರುವುದೂ ಇದೇ ಗಾಳಿ, ಇಲ್ಲಿರುವುದೂ ಅದೇ ಗಾಳಿ."

"ಅದ್ನೇ ನಾನೂ ಹೇಳೋದು," ಅಂದರು ಅತ್ತೆ. "ಆ ಬಂಡೆ ಮೇಲಿಂದ ಎದ್ದ ಗಾಳಿ ಏಳು ಮೈಲಿ ನಡ್ಕೊಂಡು ನಮ್ಮೂರಿಗೆ ಬತ್ತದೆ. ಬರೋ ಹೊತ್ತಿಗೆ ಹಳಸಿ ಹೋಗಿರ್ತದೆ. ನಾವು ಅಲ್ಲಿಗೇ ಹೋಗಿ ಬಿಸಿಬಿಸಿ ತಕ್ಕೊಂತೀವಿ."

ಡಾಕ್ಟರು ಚೀಟಿಯಲ್ಲಿ ಬರೆದಿದ್ದ 'ನಂದಿ'ಯನ್ನು ಹೊಡೆದುಹಾಕಿ 'ಕ್ಲೋಸ್‌ಪೇಟೆ' ಎಂದು ಬರೆದುಕೊಟ್ಟು ಹೋದರು.

ಮಾವ ಮಾತ್ರ ಒಪ್ಪಲಿಲ್ಲ. ಅವರಿಗೆ ಚರಿತ್ರೆಯ ಹುಚ್ಚು. ಸಾಯುವ ಮುಂಚೆ ಹಂಪೆಯ ಪ್ರಾಚೀನ ಅವಶೇಷಗಳನ್ನು ಒಮ್ಮೆ ನೋಡಬೇಕು, ಅದು ಬಿಟ್ಟು ಬೇರೆಲ್ಲಿಗೂ ಬರುವುದಿಲ್ಲ ಎಂದು ಗೋಡೆಗೆ ಹೇಳಿದರು.

"ಅವಶೇಷ ಅಂದ್ರೆ ಏನು?" ಎಂದು ಅತ್ತೆ ನನ್ನನ್ನು ಕೇಳಿದರು.

"ಹಾಳು ಬಿದ್ದ ಕೋಟೆ, ಮುರಿದ ಮಂಟಪ, ಅಂಥವು."

"ಹಾಳು ಬಿದ್ದಿರೋದ್ನ ನೋಡೋಕೆ ಅಷ್ಟು ದೂರ ಯಾಕೆ? ನಮ್ಮ ತವರಲ್ಲೇ ಬೇಕಾದಷ್ಟು ಐತೆ."

ಹೀಗೆ ಪ್ರವಾಸ ಗೊತ್ತಾಯಿತು. ಮೊದಲು ಮಾಗಡಿಯ ಹಳೇ ಕೋಟೆ, ಆಮೇಲೆ ಕ್ಲೋಸ್‌ಪೇಟೆಯಲ್ಲಿ ವಿಶ್ರಾಂತಿ. ನನ್ನ ಗಂಡ ಸ್ಟೇಷನ್ನಿನಲ್ಲಿ ಇದನ್ನು ಹೇಳಿದಾಗ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ನಿಮ್ಮ ತಾಯಿಯವರು ಬಸವನಗುಡಿಗೆ ಹೋಗಿ ಬಂದರೆ ಅದನ್ನು ವಿಲಾಯಿತಿ ಅನ್ನುತ್ತಾರೋ ಏನೋ" ಎಂದರಂತೆ.

ಮೂರನೇ ಕ್ಲಾಸಿನ ವಿದ್ಯಾರ್ಥಿ

ಗಾಡಿ ಹೊಡೆಯಲು ಬಂದವರು ಚನ್ನಪಟ್ಟಣದ ಒಬ್ಬ ಸಾಹೇಬರು. ಬೊಂಬೆ ಮಾಡುವವರ ಮನೆತನ, ಆದರೆ ಇವರಿಗೆ ಮರಕ್ಕಿಂತ ಎತ್ತು ಇಷ್ಟ. ನಲವತ್ತು ದಾಟಿದ ಆಳು, ಗಡ್ಡದಲ್ಲಿ ಬಿಳಿ ಕೂದಲು. ಬಂದವರು ಗಾಡಿಯಲ್ಲಿ ಹಾಸಿಗೆಗೆ ಒರಗಿ ಕೂತಿದ್ದ ಮಾವನನ್ನು ನೋಡಿದ್ದೇ ತಡ, ಚಾವಟಿ ಕೆಳಗಿಟ್ಟು ಕೈ ಕಟ್ಟಿ ನಿಂತುಬಿಟ್ಟರು.

"ಯಾರಪ್ಪ ನೀನು?" ಅಂದರು ಮಾವ.

"ಮೂರನೇ ಕ್ಲಾಸು ಸಾರ್. ನಿಮ್ಮ ಹತ್ತಿರ. ಎರಡು ಸಲ ಕೂತಿದ್ದೆ."

ಮಾವ ಕಣ್ಣು ಕಿರಿದು ಮಾಡಿ ನೋಡಿದರು. ಗುರುತು ಸಿಕ್ಕಿತು. "ಕಿಟಕಿಯಿಂದ ಹಾರಿ ಹೋದವನು."

"ಹೌದು ಸಾರ್."

ಕ್ಲೋಸ್‌ಪೇಟೆಯ ಛತ್ರದಲ್ಲಿ ಒಂದು ರಾತ್ರಿ ತಂಗಿ, ಮಾರನೆಯ ದಿನ ಮಾಗಡಿಯ ದಾರಿ ಹಿಡಿದೆವು. ಎರಡೂ ಕಡೆ ಬಂಡೆಗಳು, ನಡುನಡುವೆ ಹಿಪ್ಪುನೇರಳೆ ತೋಟ. ಎತ್ತುಗಳು ಚೆನ್ನಾಗಿ ಹೋಗುತ್ತಿದ್ದವು. ಮಾವ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದರು. ಒಂದು ಇಳಿಜಾರಿನಲ್ಲಿ ಅವರಿಗೆ ಏನನ್ನಿಸಿತೋ, ಕಣ್ಣು ತೆರೆದು, ಹಳೆಯ ಹೆಡ್‌ಮಾಸ್ಟರ ಗಂಟಲಿನಲ್ಲಿ ಕೇಳಿದರು: "ಮಾಗಡಿಗೆ ಇನ್ನು ಎಷ್ಟು ಮೈಲಿ ಉಳಿದಿದೆ?"

ಸಾಹೇಬರು ಎದ್ದು ನಿಂತರು. ಗಾಡಿಯ ಮುಂದಿನ ಮರದ ಮೂಕಿಯ ಮೇಲೇ ನಿಂತರು. ಹಗ್ಗ ಬಿಟ್ಟು ಎರಡೂ ಕೈ ಎದೆಗೆ ಕಟ್ಟಿ, ಹಿಂದಕ್ಕೆ ತಿರುಗಿ, ಮಾವನ ಮುಖವನ್ನೇ ನೋಡುತ್ತ, "ಎಂಟು ಮೈಲಿ ಸಾರ್," ಎಂದರು.

ಹಗ್ಗ ಸಡಿಲವಾದ ಎತ್ತುಗಳಿಗೆ ಹಿಪ್ಪುನೇರಳೆ ಸೊಪ್ಪು ಕಂಡಿತು. ಅವು ರಸ್ತೆ ಬಿಟ್ಟು ಇಳಿದವು. ಗಾಡಿಯ ಒಂದು ಚಕ್ರ ಚರಂಡಿಗೆ ಹೋಯಿತು, ಗಾಡಿ ನಿಧಾನವಾಗಿ, ಯಾರನ್ನೂ ನೋಯಿಸಬಾರದು ಎಂಬ ಹಾಗೆ, ಪಕ್ಕಕ್ಕೆ ವಾಲಿತು. ಮಾವ ಹಾಸಿಗೆ ಸುರುಳಿಯ ಮೇಲೆ, ನಾನು ಮಾವನ ಛತ್ರಿಯ ಮೇಲೆ, ಅತ್ತೆ ರಾಗಿಹಿಟ್ಟಿನ ಮೂಟೆಯ ಮೇಲೆ. ಸಾಹೇಬರು ಸೊಪ್ಪಿನ ಮಧ್ಯೆ ಬಿದ್ದು, ಎದ್ದು, ಮೊದಲು ಮಾಡಿದ ಕೆಲಸ ಮತ್ತೆ ಕೈ ಕಟ್ಟಿದ್ದು.

ಯಾರಿಗೂ ಏಟಾಗಿಲ್ಲ ಎಂದು ನೋಡಿಕೊಂಡ ಮೇಲೆ ಅತ್ತೆ ಮಾವನಿಗೆ ಹೇಳಿದರು: "ಊರು ಸೇರೋಗಂಟ ನೀವು ಅವನ್ನ ಏನೂ ಕೇಳ್ಬೇಡಿ."

ಸಾಹೇಬರಿಗೆ ಸಮಾಧಾನವಿಲ್ಲ. ತಲೆಯಲ್ಲಿ ಸೊಪ್ಪು ಸಿಕ್ಕಿಸಿಕೊಂಡೇ ಮೆಲ್ಲಗೆ ಕೇಳಿದರು: "ಸಾರ್, ಉತ್ತರ ಸರಿಯಾ?"

ಮಾವ ಸುರುಳಿಯ ಮೇಲೆ ಮಲಗಿದ್ದಲ್ಲಿಂದಲೇ ರಸ್ತೆಬದಿಯ ಮೈಲಿಗಲ್ಲನ್ನು ಓದಿದರು. "ತಪ್ಪು. ಹತ್ತು. ಕೂತುಕೋ."

ಸಾಹೇಬರು ಚರಂಡಿಯಲ್ಲೇ ಕೂತರು.

ಮಂಟಪದ ಶಾಸನ

ಮಾಗಡಿಯಲ್ಲಿ ಅತ್ತೆಯ ತವರುಮನೆ ಹಳೇ ಕೋಟೆಯ ಪಕ್ಕದಲ್ಲೇ ಇತ್ತು. ಮಾರನೆಯ ಬೆಳಿಗ್ಗೆ ಮಾವ ಕೋಟು ತೊಟ್ಟು, ನೋಟುಬುಕ್ಕು ಪೆನ್ಸಿಲು ಹಿಡಿದು ಹೊರಟರು. ಕಾಯಿಲೆ ಬಿದ್ದಮೇಲೆ ಅವರು ತಾವಾಗಿ ಎದ್ದು ಹೊರಟದ್ದು ಅದೇ ಮೊದಲು. ಅತ್ತೆ ನನಗೆ ಕಣ್ಣಲ್ಲೇ 'ಸುಮ್ಮನಿರು' ಎಂದು ಹೇಳಿ ಹಿಂದೆ ಹಿಂದೆ ನಡೆದರು.

ಕೋಟೆ ಎಂದರೆ ಮಣ್ಣಿನ ದಿಬ್ಬ, ಅರ್ಧ ತುಂಬಿದ ಕಂದಕ, ಒಳಗೆ ಬೇಲಿಗಿಡ, ಅಲ್ಲಲ್ಲಿ ಬಿದ್ದ ಕಂಬ. ಮಾವ ಅದನ್ನು ನೋಡಿದ ರೀತಿಯನ್ನು ನಾನು ಮರೆತಿಲ್ಲ. ನಮಗೆ ಕಲ್ಲು ಕಂಡ ಕಡೆ ಅವರಿಗೆ ಬಾಗಿಲು ಕಾಣುತ್ತಿತ್ತು, ಬಾಗಿಲಲ್ಲಿ ಕಾವಲಿನವರು ಕಾಣುತ್ತಿದ್ದರು. "ಇಲ್ಲಿ ಆನೆ ನಿಲ್ಲುತ್ತಿತ್ತು. ಇದು ದಿಡ್ಡಿಬಾಗಿಲು. ಈ ಮಂಟಪದಲ್ಲಿ ಪ್ರಭುಗಳು ಕುಳಿತು ಪ್ರಜೆಗಳ ಅಹವಾಲು ಕೇಳುತ್ತಿದ್ದಿರಬೇಕು." ಅವರು ಹೇಳುತ್ತಿದ್ದರೆ ನನಗೂ ಮೈ ಜುಮ್ಮೆಂದಿತು.

"ಅಲ್ಲಿ ನಾವು ಮೇಕೆ ಕಟ್ತಿದ್ದೋ," ಎಂದರು ಅತ್ತೆ.

ಮಾವ ಕೇಳಿಸಿಕೊಳ್ಳದವರಂತೆ ಮಂಟಪ ಹತ್ತಿದರು. ಹತ್ತಿದವರು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಚಪ್ಪಡಿಯ ಮೇಲೆ ಯಾರೋ ಗೆರೆ ಕೊರೆದಿದ್ದರು. ತ್ರಿಕೋನದೊಳಗೆ ಗೆರೆಗಳು, ಗೆರೆಗೆ ಅಡ್ಡಗೆರೆಗಳು. "ಇದು ಅಲಂಕಾರವಲ್ಲ. ಜ್ಯೋತಿಷ್ಯದ ಮಂಡಲವಿರಬೇಕು, ಇಲ್ಲವೇ ಕೋಟೆಯ ರಹಸ್ಯ ನಕ್ಷೆ. ಇದನ್ನು ಈವರೆಗೆ ಯಾರೂ ಗಮನಿಸಿಲ್ಲ." ಒಂದು ಗಂಟೆ ಬಿಸಿಲಲ್ಲಿ ಕೂತು ಒಂದೊಂದು ಗೆರೆಯನ್ನೂ ನೋಟುಬುಕ್ಕಿಗೆ ಇಳಿಸಿದರು. ಬಲಗಡೆಯ ಒಂದು ಗೆರೆ ಓರೆಯಾಗಿತ್ತು. ಅದು ಕಾವೇರಿಯ ದಿಕ್ಕನ್ನು ಸೂಚಿಸುತ್ತದೆ ಎಂದು ಪಕ್ಕದಲ್ಲಿ ಬರೆದರು.

ಅತ್ತೆ ಅಷ್ಟು ಹೊತ್ತೂ ನೆರಳಲ್ಲಿ ಎಲೆ ಅಡಿಕೆ ಹಾಕುತ್ತಿದ್ದವರು ಎದ್ದು ಬಂದು ಬಗ್ಗಿ ನೋಡಿದರು.

"ಇದು ಹುಲಿ-ಕುರಿ ಆಟದ ಮನೆ," ಅಂದರು. "ನಾನೇ ಕೊರ್ದಿದ್ದು. ಕುಡುಗೋಲಲ್ಲಿ. ಆ ಗೆರೆ ಓರೆ ಆಗಿರೋದು ನನ್ನ ತಮ್ಮ ತಳ್ಳಿದ್ದಕ್ಕೆ."

ಮಾವ ನೋಟುಬುಕ್ಕಿನ ಗೆರೆಗಳನ್ನೂ ಚಪ್ಪಡಿಯ ಗೆರೆಗಳನ್ನೂ ಒಂದೊಂದಾಗಿ ಹೋಲಿಸಿ ನೋಡಿದರು. ನನಗೆ ಭಯವಾಯಿತು. ಇಷ್ಟು ದಿನದ ಮೇಲೆ ಮುಖದಲ್ಲಿ ಬಂದ ಕಳೆ ಹೋಯಿತಲ್ಲ ಎಂದುಕೊಂಡೆ. ಅವರು ನಿಧಾನವಾಗಿ ಪೆನ್ಸಿಲು ತೆಗೆದು, ಕಾವೇರಿಯನ್ನು ಹೊಡೆದುಹಾಕಿ, ಕೆಳಗೆ ಬರೆದರು: 'ಕಾಲ: ಸುಮಾರು ನಲವತ್ತು ವರ್ಷ. ಕರ್ತೃ ಜೀವಂತವಾಗಿದ್ದಾಳೆ.' ಬರೆದು, ತಲೆ ಎತ್ತಿ, "ಆಡುತ್ತೀಯಾ?" ಎಂದು ಕೇಳಿದರು.

ಅತ್ತೆ ಕಲ್ಲು ಆರಿಸಿ ತಂದರು. ಮಾವ ಹುಲಿಯ ಕಡೆ, ಅತ್ತೆ ಕುರಿಯ ಕಡೆ. ಮೂರು ಆಟ ಆಡಿದರು. ಮೂರರಲ್ಲೂ ಕುರಿಗಳು ಹುಲಿಯನ್ನು ಮೂಲೆಗೆ ಕಟ್ಟಿಹಾಕಿದವು. ಮೂರನೆಯದಕ್ಕೆ ಮಾವ ನಕ್ಕರು. ಶಬ್ದ ಬರುವ ಹಾಗೆ, ಹಲ್ಲು ಕಾಣುವ ಹಾಗೆ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು, ಬೆವರು ಎಂದರು.

ದಾರಿಯಲ್ಲಿ ಮಾವ ನನಗೆ ಮೆಲ್ಲಗೆ ಹೇಳಿದರು: "ಕೋಟೆ ಯಾಕೆ ಬಿತ್ತು ಎಂದು ಈಗ ಅರ್ಥವಾಯಿತಮ್ಮ. ಇವಳು ಹೊರಗಿನಿಂದ ಮುತ್ತಿಗೆ ಹಾಕಿದ್ದರೆ ಯಾವ ಪ್ರಭುವೂ ಉಳಿಯುತ್ತಿರಲಿಲ್ಲ."

ಬಟ್ಟೆ ಒಗೆಯುವ ಕಲ್ಲು

ಆ ಸಂಜೆ ಅತ್ತೆಯ ತಮ್ಮನ ಮನೆಯ ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದ ಮಾವನ ಬೆರಳಿಗೆ ಬಟ್ಟೆ ಒಗೆಯುವ ಕಲ್ಲಿನ ಅಂಚಿನಡಿ ಏನೋ ಕೆತ್ತನೆ ತಗುಲಿತು. ಆರು ಜನರನ್ನು ಸೇರಿಸಿ ಕಲ್ಲನ್ನು ಎಬ್ಬಿಸಿ ನೋಡಿದರೆ ವೀರಗಲ್ಲು. ಕತ್ತಿ ಹಿಡಿದ ವೀರ, ಮೀಸೆ, ಸೊಂಟದ ಬಾಕು, ಎಲ್ಲ ನಿನ್ನೆ ಕೆತ್ತಿದ ಹಾಗೆ.

ಮಾವ ಭಾವಮೈದುನನ ಕೈ ಹಿಡಿದುಕೊಂಡು ಹೇಳಿದರು: "ಊರಿಗಾಗಿ ಪ್ರಾಣ ಕೊಟ್ಟವನ ಬೆನ್ನಿನ ಮೇಲೆ ನೀವು ಇಷ್ಟು ವರ್ಷ ಬಟ್ಟೆ ಒಗೆದಿದ್ದೀರಿ." ಅವನಿಗೆ ಕಣ್ಣಲ್ಲಿ ನೀರು ಬಂತು. ಕಲ್ಲನ್ನು ಅಂಗಳದಲ್ಲಿ ನೆಟ್ಟರು, ಕುಂಕುಮ ಇಟ್ಟರು, ದೀಪ ಹಚ್ಚಿದರು.

ಬೆಳಿಗ್ಗೆ ಮನೆಯ ಹೆಂಗಸರು ಬಟ್ಟೆಯ ಬುಟ್ಟಿ ಹಿಡಿದು ಬಾವಿಕಟ್ಟೆಯಲ್ಲಿ ನಿಂತಿದ್ದರು. ಒಗೆಯಲು ಕಲ್ಲಿಲ್ಲ. ಭಾವಮೈದುನನ ಹೆಂಡತಿ ಮಾವನ ಎದುರಿಗೆ ಬಾರದೆ ಕಂಬದ ಹಿಂದಿನಿಂದ ಹೇಳಿದಳು: "ಅಣ್ಣ ಒಂದು ಕಲ್ಲು ಕೊಟ್ಟು ಹೋಗ್ಲಿ." ಮಾವ ಕೋಟೆಗೆ ಹೋಗಿ ಮಧ್ಯಾಹ್ನದವರೆಗೆ ಹುಡುಕಿದರು. ಕಂಡ ಕಲ್ಲೆಲ್ಲ ಅವರಿಗೆ ಪ್ರಾಚೀನವೇ. ಒಂದು ಕಂಬದ ಪೀಠ, ಒಂದು ಬಾಗಿಲುವಾಡ, ಕಂಬದ ತಲೆಗೆ ಕೂರಿಸುವ ಒಂದು ಬೋದಿಗೆ. ಬರಿಗೈಯಲ್ಲಿ ವಾಪಸು ಬಂದರು.

ಅತ್ತೆ ಅವರನ್ನು ಊರ ಹೊರಗೆ ಕರೆದೊಯ್ದು ಮರದಡಿ ನಿಂತಿದ್ದ ಇನ್ನೂ ಮೂರು ವೀರಗಲ್ಲು ತೋರಿಸಿದರು. ಮಳೆ ಬಿಸಿಲಿಗೆ ಮೂರಕ್ಕೂ ಮುಖ ಸವೆದು ಹೋಗಿತ್ತು. ಒಬ್ಬನಿಗೂ ಮೂಗಿಲ್ಲ.

"ಇವರು ನಿಂತಿದ್ರು," ಅಂದರು ಅತ್ತೆ. "ನಮ್ಮ ಮನೆಯೋನು ಮುಖ ಕೆಳಗೆ ಹಾಕ್ಕೊಂಡು ಮಲಗಿದ್ದ. ಅದ್ಕೇ ಮೀಸೆ ಸಮೇತ ಉಳ್ಕಂಡವ್ನೆ. ನಮ್ಮಜ್ಜಂದಿರೇನು ದಡ್ಡರಾ?"

ವೀರನನ್ನು ಮರ್ಯಾದೆಯಿಂದ, ಮಂಗಳಾರತಿ ಮಾಡಿ, ಮತ್ತೆ ಬೋರಲು ಮಲಗಿಸಿದರು. ಅಂದು ಮಾವನ ಪಂಚೆಯನ್ನೇ ಮೊದಲು ಒಗೆದದ್ದು.

ಬಂಡೆಗೆ ಬಾಯಿ

ಕ್ಲೋಸ್‌ಪೇಟೆಯಲ್ಲಿ ಪ್ರವಾಸಿ ಬಂಗಲೆಯ ಹಿಂಬದಿಯ ಎರಡು ಕೋಣೆ ಒಂದು ತಿಂಗಳ ಮಟ್ಟಿಗೆ ನಮಗೆ ಸಿಕ್ಕಿತು. ಎದುರಿಗೆ ಆಕಾಶದಷ್ಟು ಬಂಡೆ, ಮೇಲೆ ರಣಹದ್ದುಗಳು, ಕೆಳಗೆ ಹೊಳೆ. ಮಾವನಿಗೆ ಒರಗುಕುರ್ಚಿ. ಅಂಥ ಜಾಗದಲ್ಲಿ ಕೂತರೆ ಕಾಯಿಲೆಗೇ ನಾಚಿಕೆಯಾಗಿ ಎದ್ದು ಹೋಗಬೇಕು.

ಆದರೆ ಅತ್ತೆಗೆ ವಿಶ್ರಾಂತಿ ಎಂಬುದು ಗೊತ್ತಿರಲಿಲ್ಲ. ಅದನ್ನೂ ಒಂದು ಕೆಲಸ ಎಂದೇ ಹಿಡಿದರು. ಬೆಳಕು ಹರಿಯುತ್ತಲೇ ಮಾವನನ್ನೂ ನನ್ನನ್ನೂ ಎಬ್ಬಿಸಿ, ಬಂಗಲೆಯ ಮುಂದಿನ ಬಯಲಲ್ಲಿ ಬಂಡೆಗೆ ಮುಖಮಾಡಿ ಸಾಲಾಗಿ ನಿಲ್ಲಿಸಿ, "ಬಾಯಿ ತೆಗೀರಿ, ಎಳ್ಕಳಿ," ಎನ್ನುತ್ತಿದ್ದರು. ಅರ್ಧ ಗಂಟೆ. ಹಾಗೆ ಬಾಯಿ ತೆರೆದು ನಿಂತರೆ ನಾವು ಗೂಡಿನಲ್ಲಿ ತಾಯಿಗಾಗಿ ಕಾಯುವ ಮರಿಹಕ್ಕಿಗಳ ಹಾಗೆ ಕಾಣುತ್ತಿದ್ದೆವು.

ಪಕ್ಕದಲ್ಲಿ ರೇಷ್ಮೆ ಬಿಚ್ಚುವವರ ಮನೆ. ಗಾಳಿ ಆ ಕಡೆಯಿಂದ ಬೀಸಿದರೆ ಗೂಡು ಬೇಯಿಸುವ ವಾಸನೆ. ಆ ಮನೆಯ ಅಜ್ಜಿಯನ್ನು ಎಲ್ಲರೂ ಬೂಬಮ್ಮ ಅನ್ನುತ್ತಿದ್ದರು. ಎರಡು ದಿನ ನಮ್ಮನ್ನು ದೂರದಿಂದ ನೋಡಿ, ಮೂರನೆಯ ದಿನ ಹತ್ತಿರ ಬಂದರು.

"ಏನಮ್ಮ, ದಿನಾ ನಿಂತ್ಕೊಂತೀರಿ. ಅಲ್ಲಿ ಏನು ಕಾಣ್ತದೆ?"

"ಕಾಣೋಕಲ್ಲ. ಗಾಳಿ ಕುಡಿಯೋಕೆ. ಡಾಕ್ಟರು ಹೇಳವ್ರೆ."

ಬೂಬಮ್ಮ ಯೋಚಿಸಿದರು. "ನಾನು ಹುಟ್ಟಿದ ಊರು ಇದು. ಇಲ್ಲಿ ಅಂಥ ಗಾಳಿ ಐತೆ ಅಂತ ನಮಗೆ ಒಬ್ಬರೂ ಹೇಳಲಿಲ್ಲ ನೋಡಿ." ಹೇಳಿ, ಅತ್ತೆಯ ಪಕ್ಕ ನಿಂತು ಬಾಯಿ ತೆರೆದರು. ಮಾರನೆಯ ದಿನ ಅವರ ಸೊಸೆಯಂದಿರು ಬಂದರು. ಆಮೇಲೆ ಕೈಲಾಂಚದ ಕಡೆಯಿಂದ ಹಾಲು ತರುವವರು ಕ್ಯಾನು ಕೆಳಗಿಟ್ಟು ನಿಂತರು. ವಾರದೊಳಗೆ ಇಪ್ಪತ್ತು ಜನರಾದರು. ಮೊಣಕಾಲು ನೋವಿಗೆ ಒಳ್ಳೆಯದಂತೆ, ಸೊಸೆ ಮಾತು ಕೇಳುತ್ತಾಳಂತೆ, ಎಂದು ಊರಲ್ಲಿ ಸುದ್ದಿ ಬೇರೆ.

ಒಂದು ಭಾನುವಾರ ಚನ್ನಪಟ್ಟಣದ ಡಾಕ್ಟರು ರೋಗಿಯನ್ನು ನೋಡಿ ಹೋಗೋಣವೆಂದು ಮುಂಜಾನೆಯ ರೈಲಿಗೆ ಬಂದರು. ಬಯಲಲ್ಲಿ ಇಪ್ಪತ್ತು ಬಾಯಿ ಬಂಡೆಯ ಕಡೆ ತೆರೆದಿವೆ. ಅವರು ಕೊನೆಯಲ್ಲಿ ನಿಂತಿದ್ದವನನ್ನು, "ಏನಪ್ಪ ಇದು? ಯಾರು ಹೇಳಿದ್ದು ನಿಮಗೆ?" ಎಂದು ಕೇಳಿದರು.

ಅವನು ಬಾಯಿ ಮುಚ್ಚದೆಯೇ ಹೇಳಿದ: "ಚನ್ನಪಟ್ಟಣದ ದೊಡ್ಡ ಡಾಕ್ಟರು. ಭಾರೀ ಕೈಗುಣವಂತೆ ಸ್ವಾಮಿ."

ಡಾಕ್ಟರು ಹಿಂದೆ ಮುಂದೆ ನೋಡಿದರು. ಆಮೇಲೆ ಹ್ಯಾಟು ತೆಗೆದು ಸಾಲಿನ ಕೊನೆಯಲ್ಲಿ ನಿಂತು ತಾವೂ ಬಾಯಿ ತೆರೆದರು.

ಅಡಿಗೆಯವಳ ವರ್ಗಾವಣೆ

ಬಂಗಲೆಗೆ ಒಬ್ಬ ಕಾವಲುಗಾರ, ಒಬ್ಬ ಅಡಿಗೆಯವನು. ನಾವಿದ್ದಾಗ ಅಡಿಗೆಯವನು ಹೇಳದೆ ಕೇಳದೆ ಅಕ್ಕನ ಮಗಳ ಮದುವೆಗೆ ಹೋಗಿಬಿಟ್ಟಿದ್ದ. ಸರಿಯಾಗಿ ಅವತ್ತೇ ಮಧ್ಯಾಹ್ನ, ಸುರಿಯುವ ಮಳೆಯಲ್ಲಿ, ಕಾನಕಾನಹಳ್ಳಿ (ಈಗಿನ ಕನಕಪುರ) ಕಡೆಯ ರಸ್ತೆ ತನಿಖೆ ಮಾಡಿಕೊಂಡು ಒಬ್ಬ ದೊಡ್ಡ ಅಧಿಕಾರಿ ಬಂದಿಳಿದರು. ಹಸಿದಿದ್ದರು, ನೆನೆದಿದ್ದರು, ಸಿಟ್ಟಾಗಿದ್ದರು. "ಊಟ" ಎಂದರು, ಅಷ್ಟೇ.

ಕಾವಲುಗಾರ ನಮ್ಮ ಕೋಣೆಗೆ ಓಡಿಬಂದು ಅತ್ತೆಯ ಕಾಲು ಹಿಡಿದ. "ಅಡಿಗೆಯೋನು ಇಲ್ಲ ಅಂತ ಗೊತ್ತಾದ್ರೆ ಅವನ ಕೆಲಸಾನೂ ಹೋಯ್ತದೆ, ಅವನ್ನ ಹೋಗೋಕೆ ಬುಟ್ಟ ತಪ್ಪಿಗೆ ನಂದೂ ಹೋಯ್ತದೆ ಕಣವ್ವ."

"ಎದ್ದೇಳ್ಲಾ," ಅಂದರು ಅತ್ತೆ. "ಒಲೆ ಉರೀತಾ ಐತೆ. ಮನುಷ್ಯ ಹಸ್ದು ಬಂದವ್ನೆ. ಇದ್ರಲ್ಲಿ ಕಾಲು ಹಿಡಿಯೋದು ಏನೈತೆ?"

ರಾಗಿಮುದ್ದೆ, ಹುರುಳಿ ಬಸ್ಸಾರು, ಒಂದು ಸೊಪ್ಪಿನ ಪಲ್ಯ, ಮಜ್ಜಿಗೆ. ಅಧಿಕಾರಿ ತಟ್ಟೆಯನ್ನು ನೋಡಿ ಹುಬ್ಬೇರಿಸಿದರು. ಬೇರೆ ಬಂಗಲೆಗಳಲ್ಲಿ ಅವರಿಗೆ ಸೌದೆಯಂಥ ಕೋಳಿ, ಕೋಳಿಯಂಥ ರೊಟ್ಟಿ ತಿಂದು ಅಭ್ಯಾಸ. ಒಂದು ತುತ್ತು ನುಂಗಿದರು. ಮೂರು ಮುದ್ದೆ ಮುಗಿಸಿ, ಬೆರಳು ನೆಕ್ಕುತ್ತ, "ಯಾರು ಮಾಡಿದ್ದು?" ಎಂದರು.

ಕಾವಲುಗಾರ ನೆಲ ನೋಡುತ್ತ, "ಬಂಗಲೆ ಅಡಿಗೆಯವಳು ಸ್ವಾಮಿ," ಎಂದ.

ಅಧಿಕಾರಿ, ಬಂಗಲೆಗೆ ಬಂದುಹೋದವರು ಬರೆಯುವ ಪುಸ್ತಕ ತರಿಸಿ, ಅದರಲ್ಲಿ ಏನೋ ಉದ್ದಕ್ಕೆ ಬರೆದು, ಮಳೆ ನಿಂತ ಮೇಲೆ ಹೊರಟುಹೋದರು. ಪೀಡೆ ಕಳೆಯಿತು ಎಂದುಕೊಂಡೆವು.

ಎರಡು ವಾರದ ಮೇಲೆ ಬೆಂಗಳೂರಿನ ಅವರ ಕಚೇರಿಯಿಂದ ಉದ್ದನೆಯ ಲಕೋಟೆ ಬಂತು. ಕಾವಲುಗಾರನಿಗೆ ಓದು ಬಾರದು. ಓಡಿ ತಂದು ನನ್ನ ಕೈಗೆ ಕೊಟ್ಟ. ನಾನು ಓದಿದೆ. ಕ್ಲೋಸ್‌ಪೇಟೆ ಬಂಗಲೆಯ ಅಡಿಗೆಯವಳ ಕೈ ಅಸಾಧಾರಣವಾದದ್ದೆಂದು ಕಚೇರಿಯ ಮುಖ್ಯಸ್ಥರ ಗಮನಕ್ಕೆ ಬಂದಿದೆ. ಇಂಥ ಸಿಬ್ಬಂದಿಯನ್ನು ಸಣ್ಣ ಊರಿನಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ. ಆದ್ದರಿಂದ ಸದರಿ ಅಡಿಗೆಯವಳನ್ನು ಕೂಡಲೇ ಬೆಂಗಳೂರಿನ ದೊಡ್ಡ ಬಂಗಲೆಗೆ ವರ್ಗ ಮಾಡಿ ವರದಿ ಮಾಡತಕ್ಕದ್ದು.

ಕಾವಲುಗಾರ ತಲೆಯ ಮೇಲೆ ಕೈ ಹೊತ್ತು ಕೂತ. ಅತ್ತೆ ಸೌಟು ಹಿಡಿದು ಹೊರಗೆ ಬಂದರು. "ಏನಂತೆ?"

"ನಿಮಗೆ ಬೆಂಗಳೂರಿಗೆ ವರ್ಗವಾಗಿದೆ ಅತ್ತೆ."

"ನಂಗೆ ಪುರಸೊತ್ತಿಲ್ಲ ಅಂತ ಬರಿ," ಎಂದು ಒಳಗೆ ಹೋದರು.

ಅಷ್ಟು ಸುಲಭವಾಗಿರಲಿಲ್ಲ. ಆಕೆ ಅಡಿಗೆಯವಳಲ್ಲ ಎಂದು ಬರೆದರೆ ಕಾವಲುಗಾರ ಸುಳ್ಳು ಹೇಳಿದಂತಾಗುತ್ತದೆ, ಅವನ ಮನೆಯ ಒಲೆ ಆರುತ್ತದೆ. ಹೌದು ಎಂದು ಬರೆದರೆ ಅತ್ತೆಯನ್ನು ಬೆಂಗಳೂರಿಗೆ ಕಳಿಸಬೇಕು. ನಾನೂ ಕಾವಲುಗಾರನೂ ಬಾಯಿಗೆ ಬಂದದ್ದು ಹೇಳುತ್ತಿದ್ದಾಗ ಒರಗುಕುರ್ಚಿಯಿಂದ ಧ್ವನಿ ಬಂತು: "ಆ ಕಾಗದವನ್ನು ಇಲ್ಲಿ ಕೊಡು. ಮೇಜು ಎಳೆದು ಹಾಕು. ಮಸಿ ಎಲ್ಲಿ?"

ಮಾವ ಎದ್ದು ಕೂತಿದ್ದರು. ನಿವೃತ್ತಿಯಾದ ಮೇಲೆ ಅವರು ಲೇಖನಿ ಮುಟ್ಟಿರಲಿಲ್ಲ. ಅವತ್ತು ಬೆಳಿಗ್ಗೆಯಿಂದ ಸಂಜೆಯವರೆಗೆ ಬರೆದರು, ಹರಿದರು, ಬರೆದರು. ಊಟಕ್ಕೆ ಕರೆದರೆ ಮೇಜಿಗೇ ತರಿಸಿಕೊಂಡು, ಎಡಗೈಯಲ್ಲಿ ಆದೇಶವನ್ನು ಹಿಡಿದು ಓದುತ್ತ, ಬಲಗೈಯಲ್ಲಿ ಎರಡು ಮುದ್ದೆ ಮುಗಿಸಿದರು. ತಿಂದದ್ದು ಅವರಿಗೇ ತಿಳಿಯಲಿಲ್ಲ. ಅತ್ತೆ ಖಾಲಿ ತಟ್ಟೆಯನ್ನು ಎತ್ತಿಕೊಂಡು ಅಡಿಗೆಮನೆಗೆ ಬಂದು ನನಗೆ ತೋರಿಸಿದರು.

ದೀಪ ಹಚ್ಚುವ ಹೊತ್ತಿಗೆ ಕಾಗದ ಸಿದ್ಧವಾಯಿತು. ಮಾವ ನಿಂತು, ಸಭೆಯಲ್ಲಿ ಓದುವ ಹಾಗೆ ಓದಿದರು:

"ತಮ್ಮ ಆದೇಶ ತಲುಪಿತು. ಅಂದು ತಮಗೆ ಊಟ ಮಾಡಿಸಿದ ಹೆಂಗಸು ಈ ಬಂಗಲೆಯಲ್ಲಿ ಅಡಿಗೆ ಮಾಡುತ್ತಿರುವುದು ನಿಜ. ಆದರೆ ಆಕೆ ಮೂವತ್ತೆಂಟು ವರ್ಷಗಳಿಂದ ಕೆಳಗೆ ರುಜು ಮಾಡಿರುವ ನನ್ನ ಮನೆಯಲ್ಲಿ ಖಾಯಂ ಸೇವೆಯಲ್ಲಿರುತ್ತಾಳೆ. ಈ ಅವಧಿಯಲ್ಲಿ ಒಂದು ದಿನವೂ ರಜೆ ಪಡೆದಿಲ್ಲ. ಕಳೆದ ಚಳಿಗಾಲದಲ್ಲಿ ನಾನು ಲೋಕದ ಸೇವೆಯಿಂದಲೇ ನಿವೃತ್ತನಾಗುವುದರಲ್ಲಿದ್ದಾಗ ಅದಕ್ಕೆ ಮಂಜೂರಾತಿ ಕೊಡದೆ ತಡೆದವಳೂ ಆಕೆಯೇ. ಆಕೆಯನ್ನು ವರ್ಗ ಮಾಡುವ ಅಧಿಕಾರ ನನಗಿಲ್ಲ. ನನ್ನನ್ನು ವರ್ಗ ಮಾಡುವ ಅಧಿಕಾರ ಆಕೆಗಿದೆ. ಈ ತಿಂಗಳು ನನ್ನನ್ನು ಕ್ಲೋಸ್‌ಪೇಟೆಗೆ ವರ್ಗ ಮಾಡಿದವಳೂ ಆಕೆ. ಆದ್ದರಿಂದ ಸದರಿ ಆದೇಶವನ್ನು ಆಕೆಗೆ ಜಾರಿ ಮಾಡುವ ಧೈರ್ಯ ನನಗಾಗಲಿ ಇಲ್ಲಿನ ಕಾವಲುಗಾರನಿಗಾಗಲಿ ಇಲ್ಲವೆಂದು ವಿನಯದಿಂದ ತಿಳಿಸುತ್ತೇನೆ."

ಕಾವಲುಗಾರ ಕೈ ಮುಗಿದ. ಅತ್ತೆ ಒಳಗಿನಿಂದ, "ಅಷ್ಟು ಉದ್ದ ಯಾಕೆ? ಪುರಸೊತ್ತಿಲ್ಲ ಅಂದ್ರೆ ಆಗ್ತಿರಲಿಲ್ವಾ?" ಎಂದರು. ಆದರೆ ಅವತ್ತು ರಾತ್ರಿ ನನ್ನಿಂದ ಆ ಕಾಗದವನ್ನು ಇನ್ನೊಂದು ಸಲ ಓದಿಸಿ ಕೇಳಿದರು. ಆಮೇಲೆ, ಕೇಳಿಸಲಿಲ್ಲ ಎಂದು ಮತ್ತೊಂದು ಸಲ.

ಕಾಗದ ಹೋಯಿತು. ಕಾವಲುಗಾರ ದಿನಾ ಟಪಾಲಿನವನ ದಾರಿ ಕಾಯುತ್ತ ಒಣಗಿಹೋದ. ಹತ್ತನೆಯ ದಿನ ಬೆಂಗಳೂರಿನಿಂದ ಉತ್ತರ ಬಂತು. ಮೊಹರು, ನಂಬರು, ರುಜು ಎಲ್ಲ ಸರಿಯಾಗಿತ್ತು. ಒಳಗೆ ಇದ್ದದ್ದು ಒಂದೇ ವಾಕ್ಯ:

"ವಿಷಯ ಪರಿಶೀಲಿಸಲಾಯಿತು, ಈ ಕಚೇರಿಯ ಮುಖ್ಯಸ್ಥರ ಮನೆಯಲ್ಲೂ ಇದೇ ಪರಿಸ್ಥಿತಿ ಇರುವುದರಿಂದ ಕಡತವನ್ನು ಮುಚ್ಚಲಾಗಿದೆ."